ಬಲಗಿವಿಯ ಗೊರಗೊರ

ಲಿಫ್ಟ್ ಮೆಕ್ಯಾನಿಕ್‌ಗೆ ಕಣ್ಣಿಗಿಂತ ಕಿವಿ ಮುಖ್ಯ. ಮೋಟಾರಿನ ಬೇರಿಂಗ್ ಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯಿಟ್ಟು, ಹಿಡಿಯನ್ನು ಬಲಗಿವಿಗೆ ಒತ್ತಿ ಕೇಳುತ್ತೇನೆ. ಇಪ್ಪತ್ತೆರಡು ವರ್ಷದಿಂದ ಹೀಗೇ. ಕೆಡುವ ಮುಂಚೆ ಬೇರಿಂಗ್ ಗೊರಗುಟ್ಟುತ್ತದೆ. ಅದನ್ನು ಹಿಡಿದವನು ಮೆಕ್ಯಾನಿಕ್, ಹಿಡಿಯದವನು ಬರೀ ಎಣ್ಣೆ ಹಾಕುವವನು.

ನಿದ್ದೆಯಲ್ಲಿ ನನ್ನ ಉಸಿರು ನಿಲ್ಲುತ್ತದೆಂದು ಡಾಕ್ಟರು ಸಿಪ್ಯಾಪ್ ಯಂತ್ರ ಕೊಡಿಸಿ ತಿಂಗಳಾಗಿತ್ತು. ಮುಖಕ್ಕೆ ಮಾಸ್ಕು, ಮಾಸ್ಕಿಗೆ ಕೊಳವೆ, ಕೊಳವೆಯಿಂದ ಗಾಳಿ. ಗಾಳಿ ಸಾಲದು ಅನ್ನಿಸಿತು. ಸೆಟ್ಟಿಂಗು ಹುಡುಕಿ ನಾನೇ ಒತ್ತಡ ಏರಿಸಿದೆ. ಕೊಳವೆಯಲ್ಲಿ ನೀರು ಗುಳುಗುಳು ಅಂದದ್ದಕ್ಕೆ, ಗಾಳಿಗೆ ತೇವ ಕೊಡುವ ತೊಟ್ಟಿಯನ್ನೂ ಖಾಲಿ ಇಟ್ಟೆ.

"ನಿಮ್ಮ ಲಿಫ್ಟಿಗೆ ಬೇರೆಯವರು ಕೈ ಹಾಕಿದ್ರೆ ಮೈಮೇಲೆ ಬಂದವರ ಹಾಗೆ ಕುಣೀತೀರಿ," ಎಂದಳು ಹೆಂಡತಿ. "ಡಾಕ್ಟರ ಮಿಷನ್ನಿಗೆ ನೀವು ಕೈ ಹಾಕಬಹುದಾ?"

"ಗಾಳಿ ತಾನೆ? ಗಾಳಿಗೂ ಡಿಗ್ರಿ ಬೇಕಾ?"

ವಾರದೊಳಗೆ ಮೂಗು ಒಣಗಿ ಕಟ್ಟಿತು. ಹುಬ್ಬಿನ ಹಿಂದೆ ನೋವು ಮನೆ ಮಾಡಿತು. ಬಲಗಿವಿ ಮುಚ್ಚಿಕೊಂಡು, ನನ್ನದೇ ಉಸಿರು ತಲೆಯೊಳಗೆ ಗೊರಗುಟ್ಟತೊಡಗಿತು. ಕೆಲಸದಲ್ಲಿ ಯಾರಿಗೂ ಹೇಳಲಿಲ್ಲ. ಕಿವಿ ಹೋದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೊನೆಗೆ ಹೆಂಡತಿಯೇ ಕಿವಿ ಡಾಕ್ಟರಿಗೆ ಫೋನ್ ಮಾಡಿ ಬೆಳಗಿನ ಹೊತ್ತು ಗೊತ್ತು ಮಾಡಿದಳು. ಅವರ ಕ್ಲಿನಿಕ್ಕು ನಾನು ನೋಡಿಕೊಳ್ಳುವ ಕಟ್ಟಡದ ಐದನೇ ಮಹಡಿಯಲ್ಲೇ ಇತ್ತು. ಲಿಫ್ಟಿನ ತಿಂಗಳ ತಪಾಸಣೆಯನ್ನೂ ಮುಗಿಸಿಬಿಡೋಣವೆಂದು ಬೇಗ ಹೋದೆ.

"ನಿನ್ನೆಯಿಂದ ಯಾಕೋ ಗೊಣಗ್ತಿದೆ ಅಣ್ಣಾ," ಎಂದ ವಾಚ್‌ಮನ್.

"ನನ್ನ ಹೆಂಡ್ತಿನೂ ಗೊಣಗ್ತಾಳೆ. ಕೆಟ್ಟು ನಿಂತಿದಾಳಾ?"

ನಕ್ಕ. ನಾನೂ ನಕ್ಕೆ.

ಮೇಲೆ ಮೋಟಾರ್ ಕೋಣೆಯಲ್ಲಿ ಸ್ಕ್ರೂಡ್ರೈವರ್ ಕಿವಿಗಿಟ್ಟೆ. ಗೊರಗೊರ. ತೆಗೆದೆ. ಆಗಲೂ ಗೊರಗೊರ. ಹಾಗಾದರೆ ಸದ್ದು ನನ್ನದೇ, ಬೇರಿಂಗಿನದಲ್ಲ. ಎಡಗಿವಿಗೆ ಇಟ್ಟು ನೋಡಬಹುದಿತ್ತು. ಕೈ ಅರ್ಧಕ್ಕೆ ಹೋಗಿ ನಿಂತಿತು. ಇಟ್ಟರೆ ಬಲಗಿವಿ ಹೋಯಿತೆಂದು ಒಪ್ಪಿಕೊಂಡಂತೆ. ತಪಾಸಣೆಯ ಕಾರ್ಡಿನಲ್ಲಿ 'ಸರಿಯಿದೆ' ಎಂದು ಬರೆದು ಸಹಿ ಹಾಕಿದೆ.

ಡಾಕ್ಟರಮ್ಮ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. "ಒತ್ತಡ ನೀವೇ ಏರಿಸಿದ್ರಾ? ಇನ್ಮೇಲೆ ಮುಟ್ಟಬೇಡಿ. ತೊಟ್ಟಿಗೆ ದಿನಾ ಡಿಸ್ಟಿಲ್ಡ್ ವಾಟರ್ ಹಾಕಿ. ಮಿಷನ್ ತಂದಿದೀರಾ? ನೋಡಬೇಕಲ್ಲ."

"ಮನೆಯವಳು ತರ್ತಿದಾಳೆ."

ಮೂಗಿಗೆ ಔಷಧಿ ಹೊಡೆದು ಹತ್ತು ನಿಮಿಷ ಕೂರಿಸಿದರು. "ಈಗ ಎಂಜಲು ನುಂಗಿ."

ನುಂಗಿದೆ. ಕಿವಿಯೊಳಗೆ ಟಪ್ ಎಂದಿತು. ತಲೆಯೊಳಗಿನ ಸದ್ದೆಲ್ಲ ಒಮ್ಮೆಲೇ ಹೋಯಿತು. ಗಡಿಯಾರದ ಮುಳ್ಳು ಸರಿಯುವುದು ಕೇಳಿಸಿತು, ಡಾಕ್ಟರಮ್ಮನ ಪೆನ್ನು ಕಾಗದದ ಮೇಲೆ ಓಡುವುದು ಕೇಳಿಸಿತು. ಇಷ್ಟು ನಿಚ್ಚಳವಾದ ಮೌನವನ್ನು ನಾನು ಮರೆತೇಬಿಟ್ಟಿದ್ದೆ.

ಆ ಮೌನದೊಳಗೆ, ಗೋಡೆಯಾಚೆಯಿಂದ, ಗೊರಗೊರ.

ಎದ್ದು ಹೊರಗೆ ಓಡಿದೆ. ಲಿಫ್ಟಿನ ಬಾಗಿಲ ಮೇಲೆ ಎರಡು ಎಂಬ ಅಂಕೆ ಉರಿಯುತ್ತಿತ್ತು. ಹೆಂಡತಿಗೆ ಫೋನ್ ಒತ್ತಿದೆ.

"ಎಲ್ಲಿದೀಯ?"

"ಲಿಫ್ಟಲ್ಲೇ ರೀ, ನಿಮ್ಮ ಗಾಳಿ ಪೆಟ್ಟಿಗೆ ಹೊತ್ಕೊಂಡು. ಏನ್ರೀ ಇದು, ನಿಮಗಿಂತ ಜೋರಾಗಿ ಗೊರಕೆ ಹೊಡೀತಿದೆ!"

"ಮೂರು ಒತ್ತು. ಮೂರನೇ ಮಹಡೀಲಿ ಇಳಿದುಬಿಡು."

"ಮೂರು ದಾಟ್ತಲ್ಲ..."

ಗೊರಗೊರ ಕಿರುಚಾಯಿತು. ಆಮೇಲೆ ನಿಂತಿತು. ಅಂಕೆ ಆರಿತು. ಫೋನನ್ನು ಬಲಗಿವಿಗೆ ಒತ್ತಿ ಹಿಡಿದೆ. ಕಿವಿ ಈಗ ಚೆನ್ನಾಗಿತ್ತು. ಏನೂ ಕೇಳಿಸುತ್ತಿರಲಿಲ್ಲ.