ಎಡಗಡೆಯ ಕೆಂಪು ಹನಿ

ಸಮವಾಗಿಯೇ ಇದೆಯಲ್ಲ, ಎಡಗಡೆ ಎಷ್ಟೋ ಬಲಗಡೆಯೂ ಅಷ್ಟೇ, ಅವಳು ನಡುವಿನ ಬಿಳಿ ಕೀಯನ್ನು ಒತ್ತಿ ಹಿಡಿದಳು, ಕೀಬೋರ್ಡಿನ ಎರಡು ತುದಿಯ ಸ್ಪೀಕರುಗಳಿಂದ ಸ್ವರ ಎದ್ದು ಬಂದು ನೆತ್ತಿಯ ನಡುಮಧ್ಯೆ ಕೂತಿತು, ಕೂರಬೇಕಾದ ಜಾಗವೇ ಅದು, ಕೂದಲೆಳೆಯಷ್ಟೂ ಆಚೀಚೆ ಇಲ್ಲ, ಮತ್ತೆ ಆ ಮ್ಯೂಸಿಕ್ ಟೀಚರ್ ಯಾಕೆ ಹಾಗಂದಳು — ಎಡಗಡೆ ಕಿವಿಗೆ ಬಡಿಯುತ್ತೆ ಕಣ್ರೀ, ಮಕ್ಕಳು ಕಿವಿ ಮುಚ್ಕೋತಾರೆ, ಹೋದ ವಾರ ಕಮ್ಮಿ ಬರ್ತಿದೆ ಅಂತ ತಂದುಕೊಟ್ರೆ ನೀವು ಜಾಸ್ತಿ ಮಾಡಿ ಕೊಟ್ಟಿದ್ದೀರಿ, ಸಂಜೆ ಕಾರ್ಯಕ್ರಮ ಇದೆ, ಆಗೋವರೆಗೂ ಇಲ್ಲೇ ಕೂತಿರ್ತೀನಿ — ಕೂತಿರಲಿ, ಮುಂದಿನ ಕೋಣೆಯ ಬೆಂಚಿನ ಮೇಲೆ ಕಾಲಾಡಿಸುತ್ತಾ ಕೂತಿರಲಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇಪ್ಪತ್ತೈದು ವರ್ಷದಿಂದ ಈ ಮೇಜಿನ ಮುಂದೆ ಕೂತವಳಿಗೆ, ಅಪ್ಪನ ಕಿವಿಯೇ ಮಗಳಿಗೆ ಬಂದಿದೆ ಅಂತ ಗಿರಾಕಿಗಳಿಂದೆಲ್ಲ ಹೊಗಳಿಸಿಕೊಂಡವಳಿಗೆ, ಸಮ ಅಂದರೆ ಏನು ಅಂತ ಆ ಟೀಚರ್ ಹೇಳಿಕೊಡಬೇಕೇ. ಹಿಂಬದಿಯ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದಳು, ಒಳಗೆ ಅಂಗೈಯಗಲದ ಹಸಿರು ಬೋರ್ಡು, ಅದರ ಅಂಚಿಗೆ ಕಡಲೆಕಾಳಿನಷ್ಟು ಗಾತ್ರದ ಎರಡು ಪ್ರೀಸೆಟ್, ದನಿ ಏರಿಸಿ ಇಳಿಸುವ ತಿರುಪುಗಳು, ಎಡದ ದನಿಗೆ ಒಂದು, ಬಲದ ದನಿಗೆ ಒಂದು, ತಿರುಗಿಸಿ ಸಮ ಮಾಡಿದ ಮೇಲೆ ಮತ್ಯಾರೂ ಮುಟ್ಟದಂತೆ, ಮುಟ್ಟಿದರೆ ಗೊತ್ತಾಗುವಂತೆ, ಅವುಗಳ ತಲೆಯ ಮೇಲೆ ಒಂದೊಂದು ಹನಿ ಉಗುರುಬಣ್ಣ, ಅಪ್ಪ ಹಾಕಿಕೊಟ್ಟ ಪದ್ಧತಿ, ಅಮ್ಮನ ಬಾಟಲಿ ಕದ್ದು ಶುರು ಮಾಡಿದ್ದು, ನನ್ನ ಉಗುರಿಗಿಂತ ನಿಮ್ಮ ಪೆಟ್ಟಿಗೆಗಳಿಗೇ ಶೃಂಗಾರ ಜಾಸ್ತಿಯಾಯ್ತು ಅಂತ ಅಮ್ಮ ಬೈಯುತ್ತಿದ್ದಳು — ಎಡಗಡೆಯ ಹನಿ ಇಟ್ಟ ಹಾಗೇ ಇದೆ, ಒಣಮೆಣಸಿನಕಾಯಿಯ ಕಪ್ಪುಗೆಂಪು, ಬಿರುಕಿಲ್ಲ, ಹೋದ ವಾರ ತಂಗಿ ಜ್ವರ ಬಂದು ಮನೆಯಲ್ಲಿ ಮಲಗಿದ್ದಾಗ ತಾನೊಬ್ಬಳೇ ಕೂತು ಕಿವಿಯಲ್ಲೇ ಅಳೆದು ಇಟ್ಟ ಹನಿ. ಯಾರೂ ಮುಟ್ಟಿಲ್ಲ.

ಹಾಗಾದರೆ ಅದಲು ಬದಲು ಮಾಡಿ ನೋಡು, ಅದು ಅಪ್ಪನ ಮೊದಲ ಪಾಠ, ಎಡ ಸ್ಪೀಕರಿನ ತಂತಿ ಬಲಕ್ಕೆ, ಬಲದ್ದು ಎಡಕ್ಕೆ, ದೋಷವೂ ಪಕ್ಕ ಬದಲಿಸಿದರೆ ಅದು ಬೋರ್ಡಿನದು, ಇದ್ದಲ್ಲೇ ಇದ್ದರೆ ಸ್ಪೀಕರಿನದು, ಎರಡೂ ಸಮ ಇದ್ದರೆ ಏನೂ ಆಗುವುದಿಲ್ಲ, ಸಮನಾಗಿ ತುಂಬಿದ ಎರಡು ಲೋಟಗಳ ಜಾಗ ಬದಲಿಸಿದ ಹಾಗೆ, ಅವಳು ಬದಲಿಸಿದಳು, ಆರ್ಗನ್ ದನಿ ಹಾಕಿ ಕೀ ಮೇಲೆ ಕತ್ತರಿಯ ಭಾರ ಇಟ್ಟಳು, ಕಣ್ಣು ಮುಚ್ಚಿದಳು, ಒಂದು ಲೋಟ ಖಾಲಿಯಾಗಿತ್ತು. ಎಡಗಡೆ ಇಲ್ಲವೇ ಇಲ್ಲ, ಸ್ವರವೆಲ್ಲ ಬಲಕ್ಕೆ ವಾಲಿ ಗೋಡೆಗೊರಗಿ ನಿಂತಿದೆ, ಇದು ಹೇಗೆ, ಸಮ ಇದ್ದದ್ದು ಸಮದ ಜಾಗಕ್ಕೆ ಹೋದರೆ ಯಾವುದು ಕಳೆಯುತ್ತದೆ, ಎಲ್ಲಿಗೆ ಹೋಗುತ್ತದೆ, ಯಾಕೆ ಹಾಗೆ ಮಾಡಿದಳೋ, ಕುರ್ಚಿ ತಿರುಗಿಸಿ ಕೀಬೋರ್ಡಿಗೆ ಬೆನ್ನು ಮಾಡಿ ಕೂತಳು, ಸ್ವರ ಎದ್ದು ಬಂದು ನೆತ್ತಿಯ ನಡುಮಧ್ಯೆ ಕೂತಿತು, ಮತ್ತೆ ಮುಖ ಮಾಡಿದಳು, ಎಡ ಖಾಲಿ, ಬೆನ್ನು ಮಾಡಿದಳು, ಸಮ, ಬೋರ್ಡು ಅಲುಗಿಲ್ಲ, ಸ್ಪೀಕರು ಅಲುಗಿಲ್ಲ, ಈ ಕೋಣೆಯಲ್ಲಿ ಪಕ್ಕ ಬದಲಿಸುತ್ತಿರುವುದು ತಾನೊಬ್ಬಳೇ, ಇಲ್ಲ, ಶೀತ ಇರಬೇಕು, ಎಡಗಿವಿಯಲ್ಲಿ ಗುಗ್ಗೆ ಕಟ್ಟಿರಬೇಕು, ಬೆರಳು ಹಾಕಿ ಅಲುಗಾಡಿಸಿದಳು, ಬೆರಳಿನ ಸದ್ದೂ ಕೇಳಲಿಲ್ಲ. ಭಯವಾಯಿತು.

ದನಿ ಅಳೆಯುವ ಮೀಟರು ಎಲ್ಲಿ, ಕೆಳಗಿನ ಡ್ರಾಯರಿನ ತಳದಲ್ಲಿ, ಅಪ್ಪ ಹೋದ ಮೇಲೆ ಮುಟ್ಟಿಯೇ ಇಲ್ಲ, ಬೆರಳು ದಪ್ಪ ಧೂಳು ಕೂತಿರಬೇಕು — ಧೂಳಿಲ್ಲ. ಗಾಜು ಒರೆಸಿದೆ, ತಂತಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ, ಸೆಲ್ ಹೊಸದು, ದಿನಾ ಕೆಲಸ ಮಾಡುವವರ ಸಾಮಾನಿನ ಹಾಗೆ ಅಚ್ಚುಕಟ್ಟಾಗಿದೆ, ಇರಲಿ, ಆಮೇಲೆ ಯೋಚಿಸಿದರಾಯಿತು, ತಂತಿಗಳನ್ನು ಮೊದಲಿನ ಹಾಗೆ ಸೇರಿಸಿ ಅಳೆದಳು, ಎಡದಲ್ಲಿ ಮುಳ್ಳು ಬಲಕ್ಕಿಂತ ಎರಡರಷ್ಟು ಏರಿತು, ಟೀಚರ್ ಹೇಳಿದ್ದು ಅಕ್ಷರಶಃ ನಿಜ, ಮುಳ್ಳು ಸುಳ್ಳಾಡಬಹುದು ಮಗಳೇ, ಕಿವಿ ಸುಳ್ಳಾಡಲ್ಲ ಅನ್ನುತ್ತಿದ್ದರು ಅಪ್ಪ, ಅವರಿಗೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು, ಆ ಅಪ್ಪನಿಗೇ ಉಳಿದದ್ದು ಬಲಗಿವಿ ಮಾತ್ರ ಅಂತ ಇವಳಿಗೆ ಗೊತ್ತಾದಾಗ ವಯಸ್ಸು ಇಪ್ಪತ್ತನಾಲ್ಕು, ಅಪ್ಪ ಸಮ ಅಂದದ್ದೆಲ್ಲ ಎಡಕ್ಕೆ ಅಬ್ಬರಿಸುತ್ತಿತ್ತು, ಅವರು ಊಟಕ್ಕೆ ಎದ್ದಾಗ ಇವಳು ಹನಿ ಕೆರೆದು, ಮುಳ್ಳು ನೋಡಿ ತಿರುಗಿಸಿ, ಅದೇ ಬಾಟಲಿಯಿಂದ ಮತ್ತೊಂದು ಹನಿ, ಆರು ವರ್ಷ, ಒಂದೂ ವಾಪಸ್ ಬರಲಿಲ್ಲ, ಅಪ್ಪ ಎದೆಯುಬ್ಬಿಸಿ ಓಡಾಡಿದರು, ಹೇಳಬೇಕಿತ್ತು, ಹೇಳಿದ್ದಳು ಕೂಡ — ಬೆಸುಗೆ ಹಾಕುತ್ತಾ ಕೂತ ಅಪ್ಪನ ಎಡಗಡೆ ನಿಂತು, ಕಿವಿಯ ಹತ್ತಿರ ಬಗ್ಗಿ, ಅಪ್ಪಾ ನಿಮಗೆ ಈ ಕಡೆ ಕೇಳಿಸ್ತಿಲ್ಲ, ನಿಮ್ಮ ಕೆಲಸ ಎಲ್ಲಾ ನಾನು ತಿದ್ದಿ ಕಳಿಸ್ತಿದ್ದೀನಿ, ಕ್ಷಮಿಸಿ — ದಿನಾ ಒಂದು ಸಲ, ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ಅಪ್ಪ ತಿರುಗಿ ನೋಡುತ್ತಿರಲಿಲ್ಲ.

ಕಪಾಟಿನಲ್ಲಿ ಇನ್ನೆರಡು ಕೀಬೋರ್ಡುಗಳಿವೆ, ಈ ವಾರ ತಾನು ಸಮ ಮಾಡಿ ಮುಗಿಸಿದವು, ನಾಳೆ ಒಯ್ಯುತ್ತಾರೆ, ನೋಡಬಾರದು ಅಂದುಕೊಳ್ಳುತ್ತಲೇ ಒಂದರ ಮುಚ್ಚಳ ಬಿಚ್ಚಿದಳು, ಎಡಗಡೆಯ ಹನಿ — ಕಪ್ಪುಗೆಂಪಿನ ಅಂಚಷ್ಟೇ ಉಳಿದಿದೆ, ನಡುವೆ ಸೂಜಿಯಿಂದ ಕೆರೆದ ಗೀರು, ಅದರ ಮೇಲೆ ಇನ್ನೊಂದು ಹನಿ, ತಿಳಿಗೆಂಪು, ಹೊಳೆಯುವುದು. ಇನ್ನೊಂದರಲ್ಲೂ ಹಾಗೇ. ಗೀರು, ತಿಳಿಗೆಂಪು ಹನಿ. ಎಷ್ಟು ದಿನದಿಂದ, ಎಷ್ಟು ವರ್ಷದಿಂದ, ಅಕ್ಕಾ ನೀನು ಊಟ ಮಾಡ್ಕೊಂಡು ಬಾ, ಅಂಗಡಿ ನಾನು ನೋಡ್ಕೋತೀನಿ, ಎಂಥ ಒಳ್ಳೆಯ ತಂಗಿ ಅಂತ ನಿಧಾನವಾಗಿ ಊಟ ಮಾಡಿ ಬರುತ್ತಿದ್ದೆನಲ್ಲ, ರಸ್ತೆಯಲ್ಲಿ ತಂಗಿ ಯಾವಾಗಲೂ ಇವಳ ಬಲಗಡೆಗೇ ಬಂದು ನಡೆಯುವುದು, ಫೋನನ್ನು ಮೇಜಿನ ಬಲತುದಿಗೆ ಸರಿಸಿಟ್ಟದ್ದು, ಯಾರಾದರೂ ಎಡದಿಂದ ಕರೆದರೆ ಇವಳ ಬಲಭುಜ ಮುಟ್ಟಿ ಅಕ್ಕಾ ಕರೀತಿದ್ದಾರೆ ನೋಡು ಅನ್ನುವುದು, ಇದೆಲ್ಲ ಪ್ರೀತಿ ಅಂದುಕೊಂಡಿದ್ದಳು, ಪ್ರೀತಿಯೇ ಇರಬೇಕು, ಪ್ರೀತಿ ಅಲ್ಲದಿದ್ದರೆ ತಾನು ಆರು ವರ್ಷ ಮಾಡಿದ್ದಾದರೂ ಏನು, ಆದರೂ ಮೈ ಉರಿಯುತ್ತದೆ, ನಾಚಿಕೆಯಿಂದ ಉರಿಯುತ್ತದೆ, ಒಂದು ವಾರ ತಂಗಿ ಜ್ವರ ಬಂದು ಮಲಗಿದ್ದಕ್ಕೆ ತನ್ನ ಕಿವಿಯ ಬಣ್ಣ ಬಯಲಾಯಿತಲ್ಲ. ಮುಂದಿನ ಕೋಣೆಯಿಂದ ಟೀಚರ್ ಕೇಳಿದಳು, ಆಯ್ತಾ ಮೇಡಂ. ಆಗ್ತಾ ಬಂತು, ಹತ್ತು ನಿಮಿಷ.

ಕಪ್ಪುಗೆಂಪು ಹನಿಯನ್ನು ತಾನೇ ಕೆರೆದಳು, ಮುಳ್ಳು ನೋಡುತ್ತಾ ಎಡದ ಪ್ರೀಸೆಟ್ಟನ್ನು ಇಳಿಸಿದಳು, ಇಳಿಸಿದಂತೆಲ್ಲ ತಲೆಯ ಎಡಭಾಗದ ದೀಪ ಒಂದೊಂದೇ ಆರಿತು, ಮುಳ್ಳಿಗೆ ಸರಿ, ಕಿವಿಗೆ ಪೂರಾ ತಪ್ಪು, ತಪ್ಪಾಗಿ ಕೇಳುವುದೇ ಇನ್ನು ಮೇಲೆ ಸರಿ, ಉಗುರುಬಣ್ಣದ ಬಾಟಲಿ ತೆರೆದು ಕುಂಚ ಅದ್ದಿದಳು, ಹನಿ ಇನ್ನೇನು ಇಡಬೇಕು, ಎಡಗೆನ್ನೆಗೆ ಬಿಸಿ ತಗುಲಿತು. ಉಸಿರು. ಬಂದು ಎಷ್ಟು ಹೊತ್ತಾಯಿತೋ, ಹೆಜ್ಜೆ ಕೇಳಲಿಲ್ಲ, ಕಣ್ಣಂಚಿನಲ್ಲಿ ಮೇಜು ಹಿಡಿದ ಕೈ, ಉಗುರುಗಳಿಗೆ ತಿಳಿಗೆಂಪು, ಉಸಿರು ತಡೆತಡೆದು ಬರುತ್ತಿದೆ, ಮಾತಾಡುವವರ ಉಸಿರು, ತಂಗಿ ಬಗ್ಗಿ ಏನೋ ಹೇಳುತ್ತಿದ್ದಾಳೆ, ಒಂದಕ್ಷರವೂ ಕೇಳುತ್ತಿಲ್ಲ, ಕೇಳಬೇಕಾಗಿಯೂ ಇಲ್ಲ, ಆ ಮಾತು ಇವಳಿಗೆ ಬಾಯಿಪಾಠ, ಕೊನೆಯಲ್ಲಿ ಕ್ಷಮಿಸು ಅಂತ ಬರುತ್ತದೆ, ತಿರುಗಲೇ, ತಿರುಗಿ ಗೊತ್ತಾಯ್ತು ಬಿಡೇ ಅನ್ನಲೇ, ಅಪ್ಪ ತಿರುಗಲಿಲ್ಲ, ಅಪ್ಪನಿಗೆ ಕೇಳಿಸುತ್ತಿರಲಿಲ್ಲ — ಆದರೆ ಒಂದು ಸಲ, ಒಂದೇ ಸಲ, ಇವಳು ಕ್ಷಮಿಸಿ ಅಂದಾಗ ಬೆಸುಗೆಯ ಸಲಾಕೆ ಗಾಳಿಯಲ್ಲಿ ನಿಂತಿತ್ತು, ಸೀಸ ಕರಗುವುದನ್ನು ಕಾಯುತ್ತಿದ್ದಾರೆ ಅಂದುಕೊಂಡಿದ್ದಳು, ಸೀಸ ಆಗಲೇ ಕರಗಿ ತುದಿಯಲ್ಲಿ ತೂಗುತ್ತಿತ್ತು, ಅಪ್ಪನ ಕೈ ನಿಂತಿತ್ತು, ಹಾಗಾದರೆ ಅಪ್ಪನಿಗೂ ಗೊತ್ತಾಗಿತ್ತೇ, ಈಗ ತನ್ನ ಕೈಯೂ ನಿಂತಿದೆ, ಅದನ್ನು ತಂಗಿ ನೋಡುತ್ತಿದ್ದಾಳೆ, ಎಡಗೆನ್ನೆಯ ಮೇಲಿನ ಉಸಿರು ನಿಂತಿತು, ಕುಂಚದ ತುದಿಯಲ್ಲಿ ಕೆಂಪು ಹನಿ, ಬೀಳದೆ, ಕೆಂಪು ಹನಿ.