ಕೂಗದ ಅಲಾರಂ

ಬಾಯಿ 'ಬಿಟ್ಟೆ' ಅಂದದ್ದು ನಿಜ. ಆದರೆ ಕೈ ಗುಂಡಿ ಒತ್ತಿತ್ತೆ? ಒತ್ತಿದ್ದರೆ ಅಲಾರಂ ಯಾಕೆ ಕೂಗಲಿಲ್ಲ? ವಿಚಾರಣೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಅವನು ಬೆಳಗಿನಿಂದ ಅದನ್ನೇ ಕೆದಕುತ್ತಿದ್ದ.

ದೂರವಾಣಿ ಕಂಪನಿಯ ನಿಗಾ ಕೋಣೆಯಲ್ಲಿ ಅವನ ಕೆಲಸ ನೋಡುವುದಷ್ಟೇ. ಗುಡ್ಡದಾಚೆಯ ಊರುಗಳ ಕರೆಗಳನ್ನೆಲ್ಲ ಹೊತ್ತು ತರುವುದು ಒಂದೇ ಲಿಂಕು. ಅದರಲ್ಲಿ ಎಷ್ಟು ಸೆಕೆಂಡು ದೋಷ ಬಂತೆಂದು ಹದಿನೈದು ನಿಮಿಷಕ್ಕೊಮ್ಮೆ ಪರದೆಯ ಮೇಲೆ ಅಂಕಿ ಬೀಳುತ್ತದೆ. ಮಿತಿ ಮೀರಿದರೆ ಅಲಾರಂ. ಆ ತುದಿಯ ಸ್ಟೇಷನ್ನಿನಲ್ಲಿದ್ದವನು ಅವನ ಅಕ್ಕನ ಗಂಡ. ಭಾವ ಕೇಬಲ್ಲಿಗೆ ಕೈ ಹಚ್ಚುವ ಮುನ್ನ ಒಳಫೋನಿನಲ್ಲಿ "ಕಣ್ಣು ಮುಚ್ಚು" ಅನ್ನುತ್ತಿದ್ದ. ಅಲಾರಂ ಸುಮ್ಮನೆ ಕೂಗದಿರಲೆಂದು ಇವನು ಗುಂಡಿ ಒತ್ತಿ ಅದನ್ನು ತಡೆಯುತ್ತಿದ್ದ. ಕೆಲಸ ಮುಗಿದರೆ "ಕಣ್ಣು ಬಿಡು"; ಇವನು ಮತ್ತೆ ಗುಂಡಿ ಒತ್ತಿ ತಡೆ ತೆಗೆಯುತ್ತಿದ್ದ. ಯಾವ ರಿಜಿಸ್ಟರಿನಲ್ಲೂ ಇಲ್ಲದ ಪದ್ಧತಿ ಅದು.

ಹೋದ ಮಂಗಳವಾರ ಮಧ್ಯಾಹ್ನವೂ ಹಾಗೇ ಆಯಿತು.

"ಏಯ್ ಗೂಬೆ, ಮುಗೀತು. ಕಣ್ಣು ಬಿಡು."

"ಬಿಟ್ಟೆ ಭಾವ."

"ಬಿಟ್ಟೆಯೋ, ತೂಕಡಿಸ್ತಾ ಇದೀಯೋ? ನಿಮ್ಮಕ್ಕ ಏನಂದ್ರೂ ಹೂಂ ಅಂತೀಯಲ್ಲ, ಹಂಗಾ?"

"ಅಕ್ಕನ ಮುಂದೆ ನೀವು ಇನ್ನೇನಂತೀರಿ?"

ಭಾವ ಜೋರಾಗಿ ನಕ್ಕಿದ್ದ. ಇವನೂ ನಗುತ್ತಲೇ ಫೋನಿಟ್ಟು ಚಹಾಕ್ಕೆ ಎದ್ದಿದ್ದ.

ಆಮೇಲೆ ಆ ತುದಿಯ ಕೇಬಲ್ಲಿನ ಕನೆಕ್ಟರ್ ಮತ್ತೆ ಸಡಿಲವಾಗಿತ್ತು. ಅವನೆದುರು ಇನ್ನೂ ನಲವತ್ತು ಲಿಂಕುಗಳಿದ್ದವು; ಕೂಗದ್ದರ ಕಡೆ ಅವನು ತಿರುಗಲಿಲ್ಲ. ಎರಡು ಗಂಟೆ ಕಾಲ ಆ ಕಡೆಯ ಆಸ್ಪತ್ರೆಯ ಕರೆಗಳೆಲ್ಲ ಅರ್ಧಕ್ಕೇ ತುಂಡಾದವು. ಅಲ್ಲಿಂದ ಒಬ್ಬರು ಬಸ್ಸು ಹತ್ತಿ ಬಂದು ದೂರು ಕೊಟ್ಟಾಗಲೇ ಗೊತ್ತಾದದ್ದು.

ಒಳಗೆ ಕರೆದರು. ಭಾವ ಆಗಲೇ ಒಂದು ಕುರ್ಚಿಯಲ್ಲಿದ್ದ. ಮೇಲಧಿಕಾರಿ ಹಾಳೆಯೊಂದನ್ನು ಇವನ ಕಡೆ ತಿರುಗಿಸಿದರು.

"ತಡೆ ಹಾಕಿದ ಹೊತ್ತು ಇಲ್ಲಿದೆ. ತೆಗೆದದ್ದು ಇಲ್ಲ."

ಹಾಗಾದರೆ ಕೈ ಒತ್ತಿರಲಿಲ್ಲ. ಅನುಮಾನ ಮುಗಿಯಿತು.

"ಕೆಲಸ ಮುಗೀತು ಅಂತ ಆ ಕಡೆಯಿಂದ ಫೋನ್ ಬಂತಾ?"

ಒಳಫೋನಿನ ಮಾತು ಎಲ್ಲೂ ದಾಖಲಾಗುವುದಿಲ್ಲ. ಬಂತು ಅಂದರೆ ತಪ್ಪು ಪೂರ್ತಿ ಇವನದು; ಇವನ ನೌಕರಿ ಖಾಯಂ ಆಗಲು ಇನ್ನೂ ಎರಡು ತಿಂಗಳಿತ್ತು. ಗೋಡೆಯ ಫ್ಯಾನು ಹಾಳೆಯ ಮೂಲೆಯನ್ನು ಎತ್ತಿ ಎತ್ತಿ ಬಿಡುತ್ತಿತ್ತು. ಅವನು ಅದನ್ನೇ ನೋಡಿದ.

"ಮಾಡ್ಲಿಲ್ಲ ಸಾರ್," ಅಂದ ಭಾವ. "ಮರೆತುಬಿಟ್ಟೆ."

ಭಾವನನ್ನು ಸ್ಟೇಷನ್ನಿನಿಂದ ತೆಗೆದು ಕೇಬಲ್ ಗೋದಾಮಿಗೆ ಹಾಕಿದರು. ಹದಿನಾಲ್ಕು ವರ್ಷ ನೋಡಿಕೊಂಡಿದ್ದ ಲಿಂಕು ಅದು. ಮೆಟ್ಟಿಲಿಳಿಯುವಾಗ ಇವನು "ಭಾವ..." ಅಂದ.

"ಗೋದಾಮಲ್ಲಿ ನೆರಳಾದ್ರೂ ಇರುತ್ತೆ ಬಿಡೋ. ನಿಮ್ಮಕ್ಕಂಗೂ ನಾನೇ ಮರೆತೆ ಅಂತಿರ್ಲಿ. ಹೂಂ ಅನ್ನು."

"ಹೂಂ."

ಈಗ ಆ ತುದಿಯಿಂದ ಬೇರೊಬ್ಬರು ಫೋನ್ ಮಾಡುತ್ತಾರೆ. ಅವರು ಜೋಕು ಹೊಡೆಯುವುದಿಲ್ಲ. ಇವನು ಮೊದಲು ಗುಂಡಿ ಒತ್ತಿ, ಪರದೆಯಲ್ಲಿ ಹಸಿರು ಬಂದದ್ದನ್ನು ನೋಡಿ, ಆಮೇಲೆ ಮಾತಾಡುತ್ತಾನೆ.

ಭಾನುವಾರ ಊಟಕ್ಕೆ ಹೋದಾಗ ಅಕ್ಕ ಬಡಿಸುತ್ತ ಗಂಡನನ್ನು ಕುಟುಕುತ್ತಾಳೆ: "ಒಂದು ಫೋನ್ ಮಾಡೋಕೆ ಮರೆತು ಗೋದಾಮು ಸೇರ್ಕೊಂಡ್ರು ನೋಡು, ಮಹಾನುಭಾವರು." ಭಾವ ನಗುತ್ತಾನೆ, ಮೊದಲಿನಷ್ಟು ಜೋರಾಗಿ ಅಲ್ಲ. ಇವನು ತಟ್ಟೆ ನೋಡುತ್ತಾನೆ.

ಭಾವ ಅವತ್ತು ಫೋನ್ ಮಾಡಿದ್ದ ಎಂದು ಅವನು ಅಕ್ಕನಿಗೆ ಕೊನೆಗೂ ಹೇಳಲಿಲ್ಲ.