ಖಾನಾಪುರದ ಬಂಗಲೆಯಲ್ಲಿ ಉಣ್ಣದ ರಾಜ

ರಾಜನಾದವನು ಅನ್ನ ಬಿಟ್ಟು ಕೂತರೆ ಅಡುಗೆಯವಳಿಗೆ ನೆಮ್ಮದಿ ಎಲ್ಲಿಂದ ಬರಬೇಕು? ಖಾನಾಪುರದ ಸರ್ಕಾರಿ ಬಂಗಲೆಯಲ್ಲಿ ಅಡುಗೆ ಅಕ್ಕವ್ವನದು, ಕಾವಲು ಅವಳ ಗಂಡ ಹವಾಲ್ದಾರ ಗುರುಪಾದಪ್ಪನದು. ಪಂಜಾಬದ ರಾಜಾ ಹರದಿತ್ ಸಿಂಗ್ ಅಲ್ಲಿಗೆ ಬಂದಿಳಿದಾಗಿನಿಂದ ಬರೀ ನೀರು ಕುಡಿದುಕೊಂಡಿದ್ದ.

ಇದು ಬೆಳಗಾವಿಯಲ್ಲಿ ಕಾಂಗ್ರೆಸ್ ಸೇರುವುದಕ್ಕೆ ಒಂದು ವರ್ಷ ಮೊದಲಿನ ಮಾತು. ರಾಜನದು ಸಣ್ಣ ಸಿಖ್ ಸಂಸ್ಥಾನ. ಎಷ್ಟು ಸಣ್ಣದೆಂದರೆ, ಬೆಳಗಾವಿಯಲ್ಲಿ ಕುದುರೆ ಹತ್ತಿದವನು ಖಾನಾಪುರ ಮುಟ್ಟುವಷ್ಟು ದೂರ ಹೋದರೆ ಅದರ ಗಡಿಯೇ ಮುಗಿಯುತ್ತಿತ್ತು. ಆದರೂ ಅದಕ್ಕೊಂದು ಗಾದಿ, ತೋಪಿನ ಸಲಾಮಿ, ತಲೆಯ ಮೇಲೆ ಕೂರಲು ಒಬ್ಬ ಇಂಗ್ರೇಜಿ ಏಜೆಂಟ್, ಎಲ್ಲ ಇದ್ದವು. ದತ್ತು ತೆಗೆದುಕೊಳ್ಳಲೂ ಏಜೆಂಟನ ಅಪ್ಪಣೆ, ದಿವಾನನನ್ನು ಬದಲಿಸಲೂ ಅವನದೇ ಅಪ್ಪಣೆ. ಗುರುದ್ವಾರಗಳಿಗಾಗಿ ಜೈಲು ಸೇರಿದ ಅಕಾಲಿಗಳ ಪರ ರಾಜ ಒಂದು ಮಾತಾಡಿದ್ದೇ ತಡ, ‘ಸ್ವಸಂತೋಷದಿಂದ’ ಗಾದಿ ಬಿಟ್ಟೆನೆಂದು ಸಹಿ ಹಾಕಿಸಿಕೊಂಡು, ಈ ದೂರದ ಬಂಗಲೆಯ ಕಾವಲಿಗೆ ರೈಲು ಹತ್ತಿಸಿದರು. ಇಂಥ ಸಂತೋಷ ಯಾವ ಶತ್ರುವಿಗೂ ಬೇಡ.

ಜೋಳದ ರೊಟ್ಟಿ ಸೇರಲಿಲ್ಲವೇನೋ ಎಂದು ಅಕ್ಕವ್ವ ಬೆಳಗಾವಿಯ ಖಾಸಬಾಗದಿಂದ ಗೋಧಿ ತರಿಸಿ ಚಪಾತಿ ಮಾಡಿದಳು. ಅದೂ ತಾಟಿನಲ್ಲೇ ಒಣಗಿತು.

“ಮಾಂಸ ಇಲ್ಲಂತ ಸಿಟ್ಟೇನ್ರೀ ಇವರಿಗೆ? ನಾ ಅಂತೂ ಅದನ್ನ ಮುಟ್ಟಾಂಗಿಲ್ಲ” ಎಂದಳು ಗಂಡನಿಗೆ.

“ಹಸಿವಾದ್ರ ತಾವ ಉಣ್ತಾರ ಬಿಡು” ಎಂದ ಗುರುಪಾದಪ್ಪ. ಅವನಿಗೂ ಒಳಗೊಳಗೇ ಭಯ. ಕಾವಲಿನಲ್ಲಿದ್ದ ರಾಜ ಸತ್ತರೆ ತೋಳಿನ ಹವಾಲ್ದಾರಿ ಪಟ್ಟೆಯೂ ಹೋಗುತ್ತದೆ, ಪಾಪವೂ ಸುತ್ತಿಕೊಳ್ಳುತ್ತದೆ.

ಮರುದಿನ ಬೆಳಿಗ್ಗೆ ಅಕ್ಕವ್ವ ಹಾಲು ಒಯ್ದಾಗ ರಾಜ ಸ್ನಾನ ಮುಗಿಸಿ ಪ್ರಾರ್ಥನೆಗೆ ನಿಂತಿದ್ದ. ಅವನ ಕೈ ಎಡಸೊಂಟಕ್ಕೆ ಹೋಯಿತು, ತಡಕಾಡಿತು, ಬರಿದಾಗಿ ಮರಳಿತು. ಸ್ವಲ್ಪ ಹೊತ್ತಿಗೆ ಮತ್ತೆ ಹೋಯಿತು. ನೋಡುತ್ತಿದ್ದ ಅಕ್ಕವ್ವನ ಕೈ ತಾನಾಗಿ ಕೊರಳಿನ ಲಿಂಗಕ್ಕೆ ಹೋಯಿತು.

ಏನು ಕಳೆದಿದೆ ಎಂದು ಅವಳು ಅರ್ಧ ಮರಾಠಿ ಬೆರೆತ ಹಿಂದೂಸ್ತಾನಿಯಲ್ಲಿ ಕೇಳಿದಳು. ಅವನೂ ಹಿಂದೂಸ್ತಾನಿಯಲ್ಲೇ ಹೇಳಿದ: ಕಿರ್ಪಾಣ. ದೀಕ್ಷೆಯ ಅಮೃತ ಕುಡಿದಂದಿನಿಂದ ಮೈಬಿಟ್ಟು ಇಳಿಯದ ಗೇಣುದ್ದದ ಕತ್ತಿ. ಸ್ಟೇಷನ್ನಿನಲ್ಲಿ ಬಂದೂಕು, ಖಡ್ಗಗಳ ಜೊತೆ ಅದನ್ನೂ ತೆಗೆದುಕೊಂಡು ಬೆಳಗಾವಿಯ ಸಾಹೇಬರ ಕಚೇರಿಗೆ ಕಳಿಸಿದರು.

“ಮತ್ತ ಕೇಳಬಾರದೇನ್ರೀ ಸಾಹೇಬನ್ನ?”

“ಅವರನ್ನು ಕೇಳಿ ಕೇಳಿಯೇ ನಮ್ಮ ರಾಜ್ಯಗಳು ಹೋದವು, ತಾಯಿ. ಇನ್ನು ಕೇಳುವುದಿಲ್ಲ.”

ತೆಗೆದುಕೊಂಡವನು ಬೇರೆ ಯಾರೂ ಅಲ್ಲ, ಗುರುಪಾದಪ್ಪನೇ. ಅಕ್ಕವ್ವ ಅಡುಗೆಮನೆಗೆ ಬಂದವಳು ಗಂಡನ ಮುಂದೆ ನಿಂತಳು.

“ನಿಮ್ಮ ಕೊಳ್ಳಾಗಿನ ಲಿಂಗ ಯಾರರ ಕಸಗೊಂಡ್ರ ನೀವು ಉಣ್ತಿದ್ರೇನ್ರೀ?”

“ಹತ್ಯಾರ ಎಲ್ಲಾ ತಗೋ ಅಂತ ಹುಕುಂ ಇತ್ತು.”

“ಅದು ಹತ್ಯಾರ ಅಲ್ರೀ. ಹೋಗಿ ತರ್ರಿ.”

ಗುರುಪಾದಪ್ಪನ ಮುಖ ಕಪ್ಪಿಟ್ಟಿತು. ಮುಂದಿದ್ದ ರೊಟ್ಟಿಯನ್ನು ಹಾಗೇ ಸರಿಸಿ ಬೆಳಗಾವಿಯ ರೈಲಿಗೆ ಹೊರಟ. ಸಾಹೇಬರು ಅವನನ್ನು ಕೆಲಸದಿಂದ ತೆಗೆದಾರೆಂಬ ಭಯ ಅಕ್ಕವ್ವನಿಗಿತ್ತು, ಬರಿಗೈಯಲ್ಲಿ ಬಂದಾನೆಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು. ಒಲೆಗೂ ಬಾಗಿಲಿಗೂ ಅಲೆದಾಡಿ ಅವಳ ಹಗಲು ಕಳೆಯಿತು.

ಹೊತ್ತು ಇಳಿಯುವಾಗ ಅವನು ಬಂದ. ಕೈಯಲ್ಲಿ ರುಮಾಲಿನ ಗಂಟಿತ್ತು.

“ಕಿರ್ಪಾಣಕ್ಕ ಕಾಯ್ದೆದಾಗ ಮಾಫಿ ಐತಂತ. ಇದನ್ನ ತಗೋ ಅಂತ ನಿನಗ ಯಾರ್ ಹೇಳಿದ್ರು ಅಂತ ಸಾಹೇಬ್ರು ಎಲ್ಲಾರ ಮುಂದ ಬೈದ್ರು.”

“ಬೈದ್ರ ಬೈಲಿ ಬಿಡ್ರಿ” ಎಂದು ಅಕ್ಕವ್ವ ಮೆಟ್ಟಿಲ ಮೇಲೆಯೇ ಕೂತಳು. ಅಷ್ಟು ಹಗುರಾಗಿತ್ತು ಜೀವ.

ಗುರುಪಾದಪ್ಪ ಬೂಟು ಕಳಚಿ, ಕೈಕಾಲು ತೊಳೆದು, ಲಿಂಗ ಹಿಡಿಯುವಂತೆ ಎರಡೂ ಕೈಯಲ್ಲಿ ಕಿರ್ಪಾಣ ಹಿಡಿದು ಒಳಗೆ ಹೋದ. ರಾಜ ಅದನ್ನು ಹಣೆಗೆ ಒತ್ತಿಕೊಂಡು ಮೈಮೇಲೆ ಧರಿಸಿದ. ಆಮೇಲೆ ಹವಾಲ್ದಾರನ ಬಾಡಿದ ಮುಖ ನೋಡಿ, “ನೀನು ಉಂಡೆಯಾ?” ಎಂದ. ಗುರುಪಾದಪ್ಪ ಇಲ್ಲವೆಂದು ತಲೆ ಅಲ್ಲಾಡಿಸಿದ.

ಅಕ್ಕವ್ವ ಮೇಜಿನ ಮೇಲೆ ಇಟ್ಟ ತಾಟನ್ನು ರಾಜ ಎತ್ತಿ ನೆಲಕ್ಕಿಟ್ಟ. ಚಕ್ಕಳಮಕ್ಕಳ ಹಾಕಿ ಕೂತು, ಹವಾಲ್ದಾರನ ಕೈ ಹಿಡಿದು ಪಕ್ಕಕ್ಕೆ ಕೂರಿಸಿದ.

“ನಮ್ಮ ಗುರುಗಳ ಮನೆಯಲ್ಲಿ ಎಲ್ಲರಿಗೂ ಒಂದೇ ಪಂಕ್ತಿ. ನೀನೂ ತಾಟು ತಾ, ತಾಯಿ.”

ಅಕ್ಕವ್ವ ಇಬ್ಬರಿಗೂ ಬಡಿಸಿ, ತನ್ನ ತಾಟು ತಂದು ಕೂತಳು. ಬಂದವರು ಉಪವಾಸವಿರುವಾಗ ಅವಳಿಗೂ ತುತ್ತು ಇಳಿದಿರಲಿಲ್ಲ. ರಾಜನ ಬಾಯಿಗೆ ಮೊದಲ ತುತ್ತು ಹೋಗುವುದನ್ನು ಕಣ್ತುಂಬ ನೋಡಿದ ಮೇಲೆಯೇ ಅವಳು ರೊಟ್ಟಿ ಮುರಿದಳು.